ಯುದ್ಧ ಮುಗಿದ ಮೇಲೂ ಉಳಿದ ಪೂಲ್

ಎರಡನೆಯ ಮಹಾಯುದ್ಧ ಕೊಡಗಿಗೆ ಎರಡು ದೊಡ್ಡ ನಿಯಂತ್ರಣಗಳನ್ನು ತಂದಿತು. ಒಂದು ಭತ್ತದ ಮೇಲೆ, ಇನ್ನೊಂದು ಕಾಫಿಯ ಮೇಲೆ. ಮೊದಲನೆಯದನ್ನು ಯುದ್ಧ ಮುಗಿದ ಮೇಲೆ ಸರ್ಕಾರ ಮತ್ತೆ ಮತ್ತೆ ಕೈಗೆತ್ತಿಕೊಂಡು ಪರಿಶೀಲಿಸಿತು. ತೆಗೆಯಿತು, ಪುನಃ ಹೇರಿತು, ಸಡಿಲಿಸಿತು, ಕೊನೆಗೆ 1954ರಲ್ಲಿ ಕೈಬಿಟ್ಟಿತು. ಎರಡನೆಯದು ಅದೇ 1954ರಲ್ಲಿ ಹೊಸ ಹೆಸರು ಪಡೆದು ಇನ್ನೂ ನಲವತ್ತೆರಡು ವರ್ಷ ಬಾಳಿತು. ನಮ್ಮ ಬೆಳೆಗಾರರ ಸಂಘದ ಈ ಸಂಚಿಕೆಗೆ ಕಾಫಿ ನಿಯಂತ್ರಣದ ಆ ‘ಪೂಲ್ ಕಾಲ’ದ ಕುರಿತು ಬರೆಯಿರೆಂದು ಸಂಪಾದಕರು ಕೇಳಿದಾಗ ನನಗೆ ಮೊದಲು ಕಾಡಿದ್ದು ಈ ವ್ಯತ್ಯಾಸವೇ. ಒಂದೇ ಯುದ್ಧ, ಒಂದೇ ನಾಡು, ಒಂದೇ ಮನೆಯ ಗದ್ದೆ ಮತ್ತು ತೋಟ. ಗದ್ದೆಯ ಫಸಲಿಗೆ ಬೇಗ ಬಿಡುಗಡೆ ಸಿಕ್ಕಿತು, ತೋಟದ ಫಸಲಿಗೆ ಅರ್ಧ ಶತಮಾನ ಬೇಕಾಯಿತು.

ಆಗಿನ ಕೊಡಗು ಚೀಫ್ ಕಮಿಷನರ್ ಆಡಳಿತದ ಪುಟ್ಟ ಪ್ರಾಂತ. 1941ರ ಜನಗಣತಿಯ ಪ್ರಕಾರ ಜನಸಂಖ್ಯೆ 1,68,726. ರೈಲು ಇರಲಿಲ್ಲ, ಇವತ್ತಿಗೂ ಇಲ್ಲ. ಒಳಬರುವ ಉಪ್ಪು, ಸೀಮೆಎಣ್ಣೆ, ಬಟ್ಟೆ, ಹೊರಹೋಗುವ ಕಾಫಿ, ಏಲಕ್ಕಿ, ಕಿತ್ತಳೆ, ಅಕ್ಕಿ ಎಲ್ಲವೂ ರಸ್ತೆಯ ಮೇಲೆಯೇ ಸಾಗಬೇಕು. ಸಂಪಾಜೆ ಘಟ್ಟ ಇಳಿದರೆ ಮಂಗಳೂರು, ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ದಾಟಿದರೆ ತಲಚೇರಿ, ಕುಶಾಲನಗರ ದಾಟಿದರೆ ಮೈಸೂರು ಸೀಮೆ. 1943ರಲ್ಲಿ ಕೇಟೋಳಿರ ಚೆಂಗಪ್ಪ ಚೀಫ್ ಕಮಿಷನರ್ ಆದರು. ಆ ಹುದ್ದೆಗೇರಿದ ಮೊದಲ ಭಾರತೀಯ ಅವರು. 1949ರವರೆಗೆ ಆ ಸ್ಥಾನದಲ್ಲಿದ್ದರು. ಹೀಗಾಗಿ ಯುದ್ಧಕಾಲದ ಅಭಾವದ ಕೊನೆಯ ವರ್ಷಗಳೂ ಯುದ್ಧಾನಂತರದ ಗೊಂದಲದ ಮೊದಲ ವರ್ಷಗಳೂ ಒಬ್ಬರದೇ ಆಡಳಿತದಲ್ಲಿ ಕಳೆದವು.

ಭತ್ತದ ಕಥೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಕೊಡಗು ತಾನು ಉಂಡು ಮಿಕ್ಕಿದ ಅಕ್ಕಿಯನ್ನು ಹಿಂದಿನಿಂದಲೂ ಮಲಬಾರಿಗೆ ಮಾರುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ರಿಕ್ಟರ್ ಬರೆದ ಕೊಡಗಿನ ಕೈಪಿಡಿಯಲ್ಲೇ ಆ ವ್ಯಾಪಾರದ ಉಲ್ಲೇಖವಿದೆ. ಮಲಬಾರು, ಕೊಚ್ಚಿ, ತಿರುವಾಂಕೂರುಗಳಿಗೆ ಕೊಡಗಿನ ಅಕ್ಕಿ ಸಾಲದು; ಅವರ ಮುಖ್ಯ ಆಸರೆ ಬರ್ಮಾ ಅಕ್ಕಿ. 1942ರ ಮಾರ್ಚಿನಲ್ಲಿ ರಂಗೂನು ಜಪಾನೀಯರ ವಶವಾದಾಗ ಆ ಹಡಗುಗಳು ನಿಂತವು. ಮರುವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿದು ಸತ್ತರು. ಆಮೇಲೆ ದೆಹಲಿ ಎಚ್ಚೆತ್ತಿತು. ಥಿಯೊಡೋರ್ ಗ್ರೆಗರಿ ಅಧ್ಯಕ್ಷತೆಯ ಆಹಾರಧಾನ್ಯ ನೀತಿ ಸಮಿತಿ 1943ರಲ್ಲಿ ದೊಡ್ಡ ಪಟ್ಟಣಗಳಲ್ಲಿ ರೇಷನ್ ಬರಬೇಕೆಂದಿತು. ಒಂದು ಪ್ರಾಂತದಿಂದ ಇನ್ನೊಂದಕ್ಕೆ ಧಾನ್ಯ ಹೋಗುವುದು ವ್ಯಾಪಾರಿಯ ಕೈಬಿಟ್ಟು ಸರ್ಕಾರದ ಕೈ ಸೇರಿತು. ತಲತಲಾಂತರದಿಂದ ಘಟ್ಟ ಇಳಿಯುತ್ತಿದ್ದ ಅಕ್ಕಿ ಇನ್ನು ಮೇಲೆ ಪರವಾನಗಿ ಇಲ್ಲದೆ ಇಳಿದರೆ ಅಪರಾಧ. ಗಡಿಯ ಆಚೆ ಹಸಿದವರಿದ್ದಾರೆ, ಈಚೆ ಕಣಜವಿದೆ, ನಡುವೆ ಚೆಕ್‌ಪೋಸ್ಟ್ ಇದೆ ಎಂದಮೇಲೆ ಕಾಳಸಂತೆ ಹುಟ್ಟದೆ ಇರುತ್ತದೆಯೇ?

ದೊಡ್ಡ ತೋಟಗಳಲ್ಲಿ ಇದೇ ಸಮಸ್ಯೆ ಇನ್ನೊಂದು ರೂಪದಲ್ಲಿತ್ತು. ಮೈಸೂರು ಸೀಮೆ, ದಕ್ಷಿಣ ಕನ್ನಡ, ಮಲಬಾರುಗಳಿಂದ ಬಂದ ಕೂಲಿಕಾರರು ಲೈನ್ ಮನೆಗಳಲ್ಲಿದ್ದರು. ಅವರಿಗೆ ಗದ್ದೆಯಿಲ್ಲ, ವಾರದ ಅಕ್ಕಿ ತೋಟದಿಂದಲೇ ಬರಬೇಕು. ಅಕ್ಕಿ ಬಾರದಿದ್ದರೆ ಆಳು ನಿಲ್ಲುವುದಿಲ್ಲ, ಆಳು ನಿಲ್ಲದಿದ್ದರೆ ಹಣ್ಣು ಗಿಡದಲ್ಲೇ ಒಣಗುತ್ತದೆ. ಆ ವರ್ಷಗಳಲ್ಲಿ ತೋಟದ ರೈಟರನ ಮುಖ್ಯ ಕೆಲಸ ಕಾಫಿಯ ಲೆಕ್ಕಕ್ಕಿಂತ ಅಕ್ಕಿಯ ಲೆಕ್ಕವೇ ಆಗಿತ್ತು ಎಂದರೆ ಹೆಚ್ಚಾಗದು.

1945ರ ಆಗಸ್ಟಿನಲ್ಲಿ ಯುದ್ಧ ಮುಗಿಯಿತು. ಆಹಾರ ನಿಯಂತ್ರಣಕ್ಕೆ ಆಧಾರವಾಗಿದ್ದ ಭಾರತ ರಕ್ಷಣಾ ನಿಯಮಗಳು 1946ರ ಸೆಪ್ಟೆಂಬರ್ ಕೊನೆಗೆ ಅಳಿದವು. ಆದರೆ ಅಭಾವ ಅಳಿದಿರಲಿಲ್ಲ. ಹಾಗಾಗಿ ಅವುಗಳ ಜಾಗಕ್ಕೆ ‘ಅಗತ್ಯ ಸರಬರಾಜು (ತಾತ್ಕಾಲಿಕ ಅಧಿಕಾರಗಳು) ಕಾಯ್ದೆ, 1946’ ಬಂತು. ಆಹಾರ, ಬಟ್ಟೆ, ಪೆಟ್ರೋಲ್, ಕಬ್ಬಿಣ, ಕಲ್ಲಿದ್ದಲು, ಕಾಗದ ಎಲ್ಲ ಅದರ ಹಿಡಿತಕ್ಕೆ ಬಂದವು. ತಾತ್ಕಾಲಿಕ ಎಂದು ಕಂಸದಲ್ಲಿ ಬರೆದುಕೊಂಡ ಆ ಕಾಯ್ದೆ 1955ರ ಜನವರಿಯವರೆಗೆ ಬದುಕಿತು, ಆಮೇಲೆ ತನ್ನ ಅಧಿಕಾರಗಳನ್ನು 1955ರ ಅಗತ್ಯ ವಸ್ತುಗಳ ಕಾಯ್ದೆಗೆ ಒಪ್ಪಿಸಿ ಹೋಯಿತು. ಆ ಎರಡನೆಯದು ಇನ್ನೂ ಇದೆ.

ಆದರೂ ಆಹಾರದ ವಿಷಯದಲ್ಲಿ ಪರಿಶೀಲನೆ ನಡೆದದ್ದು ನಿಜ. ಪುರುಷೋತ್ತಮದಾಸ್ ಠಾಕೂರ್‌ದಾಸ್ ಅಧ್ಯಕ್ಷತೆಯ ಎರಡನೆಯ ಆಹಾರಧಾನ್ಯ ನೀತಿ ಸಮಿತಿ 1947ರಲ್ಲಿ ನಿಯಂತ್ರಣವನ್ನು ಹಂತಹಂತವಾಗಿ ತೆಗೆಯಬೇಕೆಂದು ಸಲಹೆಯಿತ್ತಿತು. ಗಾಂಧೀಜಿ ತಮ್ಮ ಕೊನೆಯ ತಿಂಗಳುಗಳ ಪ್ರಾರ್ಥನಾ ಸಭೆಗಳಲ್ಲಿ ಕಂಟ್ರೋಲಿನ ವಿರುದ್ಧ ಬಿಡದೆ ಮಾತಾಡಿದರು. ಅದು ಜನರನ್ನು ಕಳ್ಳರನ್ನಾಗಿ ಮಾಡುತ್ತದೆ ಎನ್ನುವುದು ಅವರ ಆಕ್ಷೇಪದ ತಿರುಳು. 1947ರ ಡಿಸೆಂಬರಿನಲ್ಲಿ ನಿಯಂತ್ರಣ ತೆಗೆಯುವ ತೀರ್ಮಾನ ಹೊರಬಿತ್ತು. ಬೆಲೆ ಗಗನಕ್ಕೇರಿತು. 1948ರ ಶರತ್ಕಾಲದಲ್ಲಿ ನಿಯಂತ್ರಣ ಮರಳಿ ಬಂತು. 1952ರ ಜೂನಿನಲ್ಲಿ ಮದರಾಸಿನಲ್ಲಿ ರಾಜಾಜಿ ಧೈರ್ಯ ಮಾಡಿ ರೇಷನ್ ತೆಗೆದರು. ಮಲಬಾರು ಆಗ ಮದರಾಸಿನ ಭಾಗವಾದ್ದರಿಂದ ನಮ್ಮ ಗಡಿಯ ಆಚೆಯ ಗಾಳಿ ತಕ್ಷಣ ಬದಲಾಯಿತು. ದೆಹಲಿಯಲ್ಲಿ ರಫಿ ಅಹಮದ್ ಕಿದ್ವಾಯಿ ಆಹಾರ ಸಚಿವರಾಗಿ ಒಂದೊಂದೇ ಕಟ್ಟು ಬಿಚ್ಚಿದರು. 1954ರ ಜುಲೈನಲ್ಲಿ ಅಕ್ಕಿಯ ಮೇಲಿದ್ದ ಹಿಡಿತ ಹೋಯಿತು. ವಿಚಿತ್ರವೆಂದರೆ ಯುದ್ಧ ಗೆದ್ದ ಬ್ರಿಟನ್ ಕೂಡ ಮಾಂಸದ ರೇಷನ್ ತೆಗೆದು ತನ್ನ ಆಹಾರ ನಿಯಂತ್ರಣಕ್ಕೆ ಮಂಗಳ ಹಾಡಿದ್ದು ಅದೇ ಜುಲೈನಲ್ಲಿ.

ಇನ್ನು ಕಾಫಿ.

ಕೊಡಗಿನಲ್ಲಿ ಯೂರೋಪಿಯನ್ ತೋಟಗಾರಿಕೆ ಶುರುವಾದದ್ದು 1854ರಲ್ಲಿ, ಮಡಿಕೇರಿಯ ಬಳಿ ಫೌಲರ್ ಎಂಬಾತ ತೋಟ ಹಾಕಿದಾಗ. ಕಾಂಡಕೊರಕ, ಎಲೆತುಕ್ಕು ರೋಗ, ಬ್ರೆಜಿಲ್ ಕಾಫಿಯ ಪ್ರವಾಹ ಎಲ್ಲವನ್ನೂ ಆ ತಲೆಮಾರುಗಳು ಕಂಡವು. 1930ರ ದಶಕದ ಜಾಗತಿಕ ಕುಸಿತದಲ್ಲಿ ಬ್ರೆಜಿಲ್ ಕಾಫಿಯನ್ನು ಸುಡಲು ಶುರುಮಾಡಿತ್ತು. 1931ರಿಂದ 1944ರವರೆಗೆ ಅಲ್ಲಿ ಸುಟ್ಟುಹಾಕಿದ್ದು ಸುಮಾರು 7.8 ಕೋಟಿ ಚೀಲ. ಅಂಥ ದಿನಗಳಲ್ಲಿ ಭಾರತದ ಬೆಳೆಗಾರರು ಕೇಳಿದ್ದು ಇಷ್ಟೇ, ನಮ್ಮ ಜನರೇ ಕಾಫಿ ಕುಡಿಯುವಂತೆ ಮಾಡೋಣ. 1935ರಲ್ಲಿ ಕಾಫಿ ಸೆಸ್ ಕಾಯ್ದೆ ಬಂತು. ರಫ್ತಿನ ಮೇಲೆ ಸಣ್ಣ ತೆರಿಗೆ, ಆ ಹಣದಿಂದ ಪ್ರಚಾರ. 1936ರಲ್ಲಿ ಸೆಸ್ ಸಮಿತಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಮುಂದೆ ಕವಿಗಳೂ ಕ್ರಾಂತಿಕಾರಿಗಳೂ ಗಂಟೆಗಟ್ಟಲೆ ಕೂತು ಒಂದೇ ಲೋಟ ಕಾಫಿ ಕುಡಿದ ಆ ಮೇಜುಗಳ ಹಿಂದೆ ಇದ್ದದ್ದು ಬೆಳೆಗಾರರು ಕಟ್ಟಿದ ಸೆಸ್ಸು ಎಂಬುದನ್ನು ಕಾಫಿ ಹೌಸಿನ ನೆನಪುಗಳನ್ನು ಬರೆದವರು ಸಾಮಾನ್ಯವಾಗಿ ಮರೆತಿದ್ದಾರೆ.

ಯುದ್ಧಕ್ಕೆ ಮೊದಲು ಭಾರತದ ಕಾಫಿಯಲ್ಲಿ ಸುಮಾರು ಅರ್ಧದಷ್ಟು ಹೊರದೇಶಕ್ಕೆ, ಮುಖ್ಯವಾಗಿ ಯೂರೋಪಿಗೆ ಹೋಗುತ್ತಿತ್ತು. 1940ರ ಜೂನಿನಲ್ಲಿ ಫ್ರಾನ್ಸ್ ಬಿದ್ದಿತು. ಆ ಹೊತ್ತಿಗೆ ನಾರ್ವೆ, ಬೆಲ್ಜಿಯಂ, ಹಾಲೆಂಡ್ ಜರ್ಮನಿಯ ಕೈಸೇರಿದ್ದವು. ಹಡಗಿನಲ್ಲಿ ಜಾಗವಿಲ್ಲ, ಕೊಳ್ಳುವವರಿಲ್ಲ. ಮಂಗಳೂರು, ತಲಚೇರಿಯ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಕಾಫಿ ಉಳಿದುಬಿಟ್ಟರೆ ಒಳನಾಡಿನ ಬೆಲೆ ನೆಲ ಕಚ್ಚುವುದು ಖಚಿತ. ಅಮೆರಿಕ ಖಂಡದ ದೇಶಗಳು ಇದೇ ಭಯಕ್ಕೆ 1940ರ ನವೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿ ಅಮೆರಿಕದ ಮಾರುಕಟ್ಟೆಯನ್ನು ಪಾಲು ಹಂಚಿಕೊಂಡವು. ಭಾರತದಲ್ಲಿ ಆ ಭಯಕ್ಕೆ ಉತ್ತರವಾಗಿ ಅದೇ ವರ್ಷ ಬಂದದ್ದು ಕಾಫಿ ಮಾರುಕಟ್ಟೆ ವಿಸ್ತರಣಾ ಸುಗ್ರೀವಾಜ್ಞೆ. 1942ರಲ್ಲಿ ಅದು 7ನೆಯ ಕಾಯ್ದೆಯಾಯಿತು. ಪಾಲಿಬೆಟ್ಟದ ಕನ್ಸಾಲಿಡೇಟೆಡ್ ಕಾಫಿ ಎಸ್ಟೇಟ್ಸ್‌ನ ಐವರ್ ಬುಲ್ ಇದಕ್ಕಾಗಿ ದುಡಿದ ಮುಂದಾಳುಗಳಲ್ಲೊಬ್ಬರು. ಕೊಡಗಿನ ಮೇಲೆ ದೂರದ ಸರ್ಕಾರ ತಂದುಹೇರಿದ ಕಾನೂನು ಇದು ಎಂದು ಇವತ್ತು ಕೆಲವರು ಹೇಳುವುದುಂಟು. ಹಾಗೆ ಹೇಳುವುದು ಸರಿಯಲ್ಲ. ಬೆಳೆಗಾರರೇ ಕೇಳಿ ತರಿಸಿಕೊಂಡ ನಿಯಂತ್ರಣ ಇದು.

ಕಾಯ್ದೆಯ ಏರ್ಪಾಡು ಸರಳ. ಕಾಫಿ ಇರುವ ಪ್ರತಿ ತೋಟವೂ ನೋಂದಣಿ ಆಗಬೇಕು. ಪ್ರತಿ ತೋಟಕ್ಕೂ ಕಾಯ್ದೆಯಡಿ ರಚನೆಯಾದ ಕಾಫಿ ಮಂಡಳಿ ಒಳನಾಡಿನಲ್ಲಿ ಎಷ್ಟು ಮಾರಬಹುದೆಂಬ ಪಾಲು ನಿಗದಿಮಾಡುತ್ತದೆ. ಅದನ್ನು ಮೀರಿದ್ದೆಲ್ಲ ಮಂಡಳಿಯ ‘ಸರ್‌ಪ್ಲಸ್ ಪೂಲ್’ಗೆ ಸೇರಬೇಕು. ಕೆಲವೇ ವರ್ಷಗಳಲ್ಲಿ ಒಳನಾಡಿನ ಆ ಪಾಲು ಸೊನ್ನೆಯಾಯಿತು. ಇಡೀ ಬೆಳೆ ಪೂಲ್‌ಗೆ ಎಂದಾಯಿತು. ಮನೆ ಬಳಕೆಗೂ ಬಿತ್ತನೆಗೂ ಒಂದಿಷ್ಟು ಇಟ್ಟುಕೊಳ್ಳಬಹುದಿತ್ತು, ಅದೂ ಮಂಡಳಿ ಅನುಮತಿಸಿದಷ್ಟು. ಬಾಣೆಯಲ್ಲಿ ಮರಗಳ ನೆರಳಿಗೆ ನಾಲ್ಕು ಸಾಲು ಕಾಫಿ ಹಾಕಿಕೊಂಡ ಸಣ್ಣ ಹಿಡುವಳಿದಾರನೂ ಸಾವಿರಾರು ಎಕರೆಯ ಕಂಪನಿಯೂ ಒಂದೇ ದಫ್ತರಿನಲ್ಲಿ ಸಾಲಾಗಿ ನಿಂತರು.

ಕಾಫಿ ಕೊಟ್ಟ ಮೇಲೆ ಏನಾಗುತ್ತಿತ್ತು ಎಂಬುದನ್ನು ಹೊಸ ತಲೆಮಾರಿಗೆ ಬಿಡಿಸಿ ಹೇಳಬೇಕು. ಕಣದಲ್ಲಿ ಒಣಗಿದ ಚೆರಿ ಅಥವಾ ಪಲ್ಪ್ ಮಾಡಿ ಒಣಗಿಸಿದ ಪಾರ್ಚ್‌ಮೆಂಟ್ ಚೀಲಗಳು ಪೂಲ್ ಏಜೆಂಟರ ಡಿಪೋಗೆ ಹೋಗುತ್ತವೆ. ತೂಕ, ರಸೀದಿ, ಮೊದಲ ಕಂತಿನ ಒಂದಷ್ಟು ಹಣ. ಅಲ್ಲಿಂದ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಪ್ಪೆ ತೆಗೆದು, ಗಾತ್ರ ಬೇರ್ಪಡಿಸಿ, ಪ್ಲಾಂಟೇಷನ್ ಎ, ಬಿ, ಪೀಬೆರಿ, ಅರೇಬಿಕಾ ಚೆರಿ, ರೊಬಸ್ಟಾ ಎಂದು ದರ್ಜೆ ಕೊಡುತ್ತಾರೆ. ಪ್ರತಿ ದರ್ಜೆಗೂ ಇಷ್ಟು ಪಾಯಿಂಟ್ ಎಂದು ಗೊತ್ತುಮಾಡಿರುತ್ತಾರೆ. ಮಂಡಳಿ ಇಡೀ ದೇಶದ ಕಾಫಿಯನ್ನು ಹರಾಜಿನಲ್ಲಿ ಮಾರಿ, ಖರ್ಚು ಕಳೆದು, ಉಳಿದ ಹಣವನ್ನು ಒಟ್ಟು ಪಾಯಿಂಟ್‌ಗಳಿಂದ ಭಾಗಿಸಿದರೆ ಒಂದು ಪಾಯಿಂಟಿನ ಬೆಲೆ ಸಿಗುತ್ತದೆ. ಆ ಲೆಕ್ಕದಂತೆ ಬೆಳೆಗಾರನಿಗೆ ಎರಡನೆಯ ಕಂತು, ಮೂರನೆಯ ಕಂತು, ಕೊನೆಯ ಕಂತು. ಆ ಕೊನೆಯ ಕಂತು ಕೈಸೇರಲು ವರ್ಷಗಳೇ ಹಿಡಿಯುತ್ತಿದ್ದವು. ನಮ್ಮ ಮನೆಗಳಲ್ಲಿ ಮದುವೆಯ ದಿನ ಗೊತ್ತುಮಾಡುವಾಗ ಹಿರಿಯರು ಕೇಳುತ್ತಿದ್ದ ಪ್ರಶ್ನೆಗಳಲ್ಲಿ ‘ಪಾಯಿಂಟ್ ಯಾವಾಗ ಬರುತ್ತೆ’ ಎನ್ನುವುದೂ ಒಂದು.

ಈ ಪದ್ಧತಿಯಲ್ಲಿ ಒಂದು ನ್ಯಾಯವಿತ್ತು, ಅದನ್ನು ಮೊದಲು ಒಪ್ಪಿಕೊಳ್ಳಬೇಕು. ಪೂಲ್ ಬರುವ ಮೊದಲು ಸಣ್ಣ ಬೆಳೆಗಾರ ಮಳೆಗಾಲದ ಖರ್ಚಿಗೆ ವ್ಯಾಪಾರಿಯಿಂದ ಮುಂಗಡ ತಂದು, ಗಿಡದ ಮೇಲಿನ ಹಣ್ಣನ್ನೇ ಬರೆದುಕೊಡುವುದು ಸಾಮಾನ್ಯವಾಗಿತ್ತು. ಬೆಲೆ ಏರಿದರೆ ಲಾಭ ವ್ಯಾಪಾರಿಗೆ, ಇಳಿದರೆ ನಷ್ಟ ಬೆಳೆಗಾರನಿಗೆ. ಪೂಲ್ ಬಂದಮೇಲೆ ನಾಪೋಕ್ಲಿನ ಐದು ಎಕರೆಯ ಕಾಫಿಗೂ ಪಾಲಿಬೆಟ್ಟದ ಕಂಪನಿಯ ಕಾಫಿಗೂ ದರ್ಜೆ ಒಂದೇ ಆದರೆ ಪಾಯಿಂಟಿನ ಬೆಲೆಯೂ ಒಂದೇ. ಯಾರು ಯಾವ ವಾರ ಮಾರಿದರು, ಯಾರಿಗೆ ಬೆಂಗಳೂರಿನ ದಲ್ಲಾಳಿಯ ಪರಿಚಯವಿತ್ತು ಎಂಬುದು ಲೆಕ್ಕಕ್ಕಿಲ್ಲ. ಕೊನೆಯ ಕಂತು ತಡವಾದರೂ ಬರುತ್ತದೆ ಎಂಬ ನಂಬಿಕೆ ಇತ್ತು. ಆ ನಂಬಿಕೆಯ ಮೇಲೆ ಬ್ಯಾಂಕು, ಸೊಸೈಟಿಗಳೂ ಸಾಲ ಕೊಟ್ಟವು.

ಯುದ್ಧ ಮುಂದುವರಿದಂತೆ ಪರಿಸ್ಥಿತಿ ತಿರುಗಿತು. ಸೇನಾ ಶಿಬಿರಗಳಿಗೆ ಕಾಫಿ ಬೇಕಾಯಿತು, ದಕ್ಷಿಣದ ಪಟ್ಟಣಗಳಲ್ಲಿ ಕುಡಿಯುವವರು ಹೆಚ್ಚಾದರು. ಹೆಚ್ಚುವರಿ ಕಾಫಿಯನ್ನು ವಿಲೇವಾರಿ ಮಾಡಲೆಂದು ಹುಟ್ಟಿದ ಸಂಸ್ಥೆಯ ಕೈಯಲ್ಲಿ ಹೆಚ್ಚುವರಿಯೇ ಉಳಿಯಲಿಲ್ಲ. ಆಗ ಪೂಲ್ ತನ್ನ ಕೆಲಸ ಬದಲಾಯಿಸಿಕೊಂಡಿತು: ಇರುವ ಕಾಫಿಯನ್ನು ಹಂಚುವುದು, ಗಿರಾಕಿಗೆ ಬೆಲೆ ಕೈಮೀರದಂತೆ ನೋಡುವುದು. ನನ್ನ ಮಟ್ಟಿಗೆ ಈ ತಿರುವಿನಲ್ಲೇ ಇಡೀ ಕಥೆಯ ಗುಟ್ಟಿದೆ. 1942ರಲ್ಲಿ ಬೆಳೆಗಾರನನ್ನು ಕಾಪಾಡಲು ಬಂದ ಯಂತ್ರ, ಯುದ್ಧ ಮುಗಿಯುವ ಹೊತ್ತಿಗೆ ಗ್ರಾಹಕನನ್ನೂ ಕಾಪಾಡುತ್ತಿತ್ತು. ಸರ್ಕಾರಕ್ಕೆ ಅದನ್ನು ಬಿಡಲು ಕಾರಣವೇ ಇರಲಿಲ್ಲ.

ಮೇಲಾಗಿ ಆಹಾರದಂತೆ ಕಾಫಿ ಒಂದು ಸಾಮಾನ್ಯ ತುರ್ತು ನಿಯಮದ ಅಡಿ ಇರಲಿಲ್ಲ. ಅದಕ್ಕೆ ತನ್ನದೇ ಕಾಯ್ದೆ, ತನ್ನದೇ ಮಂಡಳಿ, ತನ್ನದೇ ನಿಧಿ, ಸಿಬ್ಬಂದಿ, ಡಿಪೋ, ಹರಾಜು ಕಟ್ಟೆ ಇದ್ದವು. ತುರ್ತು ನಿಯಮಗಳು ಅಳಿದಾಗ ಅಕ್ಕಿಯ ವಿಷಯ ತಾನಾಗಿ ಚರ್ಚೆಗೆ ಬಂತು. ಕಾಫಿಯ ವಿಷಯವನ್ನು ಯಾರಾದರೂ ಎತ್ತಿದರೆ ತಾನೇ? ನೆರೆಯ ಬೆಳೆಗಳಲ್ಲೂ ಹೀಗೆಯೇ ಆಯಿತು. ಮಲಯ ಕೈತಪ್ಪಿದಾಗ ರಬ್ಬರಿಗೆ ಬಂದ ಯುದ್ಧಕಾಲದ ಹತೋಟಿ 1947ರಲ್ಲಿ ರಬ್ಬರ್ ಕಾಯ್ದೆಯಾಗಿ ಮುಂದುವರಿಯಿತು.

ಮಂಡಳಿಯೂ ಬರೀ ಮಾರಾಟದ ಸಂಸ್ಥೆಯಾಗಿ ಉಳಿಯಲಿಲ್ಲ. ಚೆಟ್ಟಳ್ಳಿಯಲ್ಲಿ 1946ರಲ್ಲಿ ಸಂಶೋಧನಾ ಉಪಕೇಂದ್ರ ಶುರುವಾಯಿತು. ಬಾಳೆಹೊನ್ನೂರಿನ ಕೇಂದ್ರ 1925ರಿಂದ ಇದ್ದರೂ ಕೊಡಗಿನ ಮಳೆ, ನೆರಳು, ಮಣ್ಣಿಗೆ ಬೇರೆ ಕೇಂದ್ರ ಬೇಕಿತ್ತು. ಯುದ್ಧ ಕೊಡಗಿಗೆ ಬಿಟ್ಟುಹೋದವುಗಳಲ್ಲಿ ಯಾರೂ ಜಗಳವಾಡದೆ ಒಪ್ಪುವಂಥದ್ದು ಇದೊಂದೇ ಇರಬೇಕು. ರೋಗ ಬಂದಾಗ ಎಲೆ ಕಿತ್ತುಕೊಂಡು ಚೆಟ್ಟಳ್ಳಿಗೆ ಓಡುವ ಅಭ್ಯಾಸ ಮೂರು ತಲೆಮಾರಿನದು.

1952ರಲ್ಲಿ ಕೊಡಗು ‘ಸಿ’ ದರ್ಜೆಯ ರಾಜ್ಯವಾಗಿ ತನ್ನದೇ ಚುನಾಯಿತ ಸರ್ಕಾರ ಪಡೆಯಿತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, ಕುಟ್ಟೂರು ಮಲ್ಲಪ್ಪ ಜೊತೆ ಸಚಿವ. ಮಂತ್ರಿಮಂಡಲವೆಂದರೆ ಇಬ್ಬರೇ. ಆದರೆ ಕಾಫಿ ಅವರ ಕೈಯಲ್ಲಿರಲಿಲ್ಲ, ಅದು ಕೇಂದ್ರದ ವಿಷಯ. 1954ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿ ಅದರ ಹೆಸರಿನಿಂದ ‘ಮಾರುಕಟ್ಟೆ ವಿಸ್ತರಣೆ’ಯನ್ನು ಕಿತ್ತುಹಾಕಿತು. ಇನ್ನು ಅದು ಬರೀ ಕಾಫಿ ಕಾಯ್ದೆ. ಮಂಡಳಿಯ ರಚನೆ ಬದಲಾಯಿತು, ಅಧ್ಯಕ್ಷರನ್ನು ಕೇಂದ್ರವೇ ನೇಮಿಸುವುದಾಯಿತು. ಅದೇ ವರ್ಷ ನೇಮಕವಾದ ಮಾಧವ ಮೆನನ್ ಅಧ್ಯಕ್ಷತೆಯ ಪ್ಲಾಂಟೇಷನ್ ವಿಚಾರಣಾ ಆಯೋಗ ಚಹಾ, ಕಾಫಿ, ರಬ್ಬರ್ ಮೂರನ್ನೂ ಅಳೆದುತೂಗಿ 1956ರಲ್ಲಿ ವರದಿ ಕೊಟ್ಟಿತು. ಆಯೋಗ ಬಂದುಹೋಯಿತು, ಪೂಲ್ ಉಳಿಯಿತು. ಆ ವರ್ಷ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯದಲ್ಲಿ ಸೇರಿತು. 1957ರಲ್ಲಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಕೆಲಸಗಾರರೇ ಸಹಕಾರ ಸಂಘ ಕಟ್ಟಿ ಅವನ್ನು ವಹಿಸಿಕೊಂಡರು. ಅಂಥ ಸಂಘಗಳಲ್ಲಿ ಮೊದಲನೆಯದು ಬೆಂಗಳೂರಿನದು.

ಆಗ ಬೆಳೆಗಾರರು ಪೂಲನ್ನು ಏಕೆ ಪ್ರಶ್ನಿಸಲಿಲ್ಲ? 1950-51ರಲ್ಲಿ ದೇಶದ ಕಾಫಿ ಬೆಳೆ ಸುಮಾರು 19,000 ಟನ್ ಮಾತ್ರ. ಜಾಗತಿಕ ಬೆಲೆ ಏರುಗತಿಯಲ್ಲಿತ್ತು. 1953ರಲ್ಲಿ ಬ್ರೆಜಿಲ್ಲಿನಲ್ಲಿ ಹಿಮ ಬಿದ್ದು ಮರುವರ್ಷ ಬೆಲೆ ಆಕಾಶ ಮುಟ್ಟಿತು. ಪೂಲ್ ಇಲ್ಲದಿದ್ದರೆ ಇನ್ನೂ ಹೆಚ್ಚು ಸಿಗುತ್ತಿತ್ತೆಂದು ಗೊಣಗಿದವರಿದ್ದರು. ಆದರೆ ಮೂವತ್ತರ ದಶಕದ ಕುಸಿತವನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದರು. ಹೆಚ್ಚು ಸಿಗುವ ಆಸೆಗಿಂತ ಏನೂ ಸಿಗದಿರುವ ಭಯ ಅವರಿಗೆ ದೊಡ್ಡದು. 1962ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದ ಬಂದು ದೇಶದೇಶಕ್ಕೆ ರಫ್ತಿನ ಕೋಟಾ ಹಂಚಿದಾಗ ಪೂಲ್‌ಗೆ ಹೊಸ ಸಮರ್ಥನೆಯೇ ಸಿಕ್ಕಿತು. ದೇಶಕ್ಕೊಂದು ಕೋಟಾ ಎಂದಮೇಲೆ ಮಾರುವವರೂ ಒಬ್ಬರೇ ಇದ್ದರೆ ಅನುಕೂಲ. ಸೋವಿಯತ್ ಒಕ್ಕೂಟ ರೂಪಾಯಿ ಲೆಕ್ಕದಲ್ಲಿ ಕೊಳ್ಳುತ್ತಿತ್ತು. ರೊಬಸ್ಟಾ ಹಬ್ಬಿತು, ಗದ್ದೆಯ ಅಂಚಿನ ಬಾಣೆಗಳೆಲ್ಲ ಕಾಫಿಯಾದವು.

ಕೊರತೆಗಳು ನಿಧಾನವಾಗಿ ಕಂಡವು. ಹಣ್ಣನ್ನು ಆರಿಸಿ ಕೊಯ್ದು, ಎಚ್ಚರದಿಂದ ಒಣಗಿಸಿದವನ ಕಾಫಿಯೂ ಕಾಯಿ, ಹಣ್ಣು ಒಟ್ಟಿಗೆ ಸುಲಿದವನ ಕಾಫಿಯೂ ಅದೇ ದರ್ಜೆಯ ರಾಶಿಗೆ ಬಿದ್ದರೆ ಶ್ರಮಪಡುವವನಿಗೇನು ಸಿಕ್ಕಿತು? ಸ್ವಂತ ತೋಟದ ಹೆಸರು ಹೇಳಿ ಕಾಫಿ ಮಾರುವ ದಾರಿಯೇ ಇರಲಿಲ್ಲ. ಮನೆಯಿಂದ ನಾಲ್ಕು ಚೀಲ ಸಾಗಿಸಲೂ ಕಾಗದ ಬೇಕು. ಮಂಡಳಿಯ ತನಿಖಾ ಸಿಬ್ಬಂದಿ ತಡೆದರೆ ತನ್ನ ಕಾಫಿಯೇ ಕಳ್ಳಮಾಲು. ‘ಕೊಟ್ಟವನು ಕೋಡಂಗಿ, ಈಸಿಕೊಂಡವನು ವೀರಭದ್ರ’ ಎಂಬ ಮಾತನ್ನು ಪೂಲ್‌ಗಾಗಿಯೇ ಹುಟ್ಟಿಸಿದರೇನೋ ಎನ್ನುವಷ್ಟು ಸಲ ನಮ್ಮ ಸಂಘದ ಸಭೆಗಳಲ್ಲಿ ಕೇಳಿದ್ದೇನೆ.

ಕಾನೂನಿನ ಒಂದು ಮೂಲಪ್ರಶ್ನೆಯೂ ಉಳಿದಿತ್ತು. ಪೂಲ್‌ಗೆ ಕಾಫಿ ಒಪ್ಪಿಸಿದಾಗ ಬೆಳೆಗಾರ ಅದನ್ನು ‘ಮಾರಿದ’ನೋ, ಸರ್ಕಾರ ‘ವಶಪಡಿಸಿಕೊಂಡಿ’ತೋ, ಅಥವಾ ಮಂಡಳಿ ಬೆಳೆಗಾರನ ಪರವಾಗಿ ಮಾರುವ ಟ್ರಸ್ಟಿಯೋ? ಕರ್ನಾಟಕ ಸರ್ಕಾರ ಖರೀದಿ ತೆರಿಗೆ ಕೇಳಿದಾಗ ಈ ಪ್ರಶ್ನೆ ಸುಪ್ರೀಂ ಕೋರ್ಟ್ ಮುಟ್ಟಿತು. ಕಡ್ಡಾಯ ಒಪ್ಪಿಸುವಿಕೆ ಮಾರಾಟವಾಗದು ಎಂದು ಮಂಡಳಿ ವಾದಿಸಿತು. 1988ರಲ್ಲಿ ನ್ಯಾಯಾಲಯ ಮಂಡಳಿಯ ವಾದವನ್ನು ತಳ್ಳಿಹಾಕಿತು: ಒಪ್ಪಿಗೆಯ ಅಂಶ ಪೂರ್ತಿ ಇಲ್ಲವಾಗಿಲ್ಲ, ಇದು ಮಾರಾಟವೇ, ತೆರಿಗೆ ಸಲ್ಲುತ್ತದೆ. ಪೂಲ್ ನಿಧಿ ಬೆಳೆಗಾರರದೇ ಆದ್ದರಿಂದ ಹೊರೆ ಕೊನೆಗೆ ಅವರಿಗೇ ತಗುಲಿತು. ಪೂಲ್ ಎಂಬ ಯುದ್ಧಕಾಲದ ಏರ್ಪಾಡು ಏನೆಂಬುದನ್ನು ನಿಜವಾಗಿ ಪರಿಶೀಲಿಸಿದ ಅಪರೂಪದ ಸಂದರ್ಭ ಇದು ಎಂದು ನನಗೆ ಅನಿಸುತ್ತದೆ. ಅದು ನಡೆದದ್ದು ಕಾಯ್ದೆಗೆ ನಲವತ್ತಾರು ವರ್ಷ ತುಂಬಿದಾಗ, ಅದೂ ತೆರಿಗೆಯ ನೆಪದಲ್ಲಿ.

ಆಮೇಲಿನದು ವೇಗವಾಗಿ ನಡೆಯಿತು. 1989ರ ಜುಲೈನಲ್ಲಿ ಅಂತಾರಾಷ್ಟ್ರೀಯ ಕೋಟಾ ಮುರಿದುಬಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅದೇ ವರ್ಷ ದೆಹಲಿಯಲ್ಲಿ ಉದಾರೀಕರಣ ಶುರುವಾಯಿತು. ಪೂಲ್‌ನ ಎರಡು ಆಧಾರಸ್ತಂಭಗಳೂ ಕುಸಿದಿದ್ದವು. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಮುಕ್ತ ಮಾರಾಟ ಕೇಳಿ ಒತ್ತಾಯ ತಂದರು. ಮೊದಲು ಬೆಳೆಯ ಶೇ 30ನ್ನು ಒಳನಾಡಿನಲ್ಲಿ ಸ್ವಂತವಾಗಿ ಮಾರಲು ಅವಕಾಶವಾಯಿತು. ಮುಂದೆ ಮುಕ್ತ ಮಾರಾಟದ ಪಾಲು ಹೆಚ್ಚಿತು, ಸಣ್ಣ ಬೆಳೆಗಾರರಿಗೆ ಪೂರ್ತಿ ಬಿಡುಗಡೆ ಸಿಕ್ಕಿತು. 1996ರ ಸೆಪ್ಟೆಂಬರಿನಲ್ಲಿ ಪೂಲ್‌ನ ಕಡ್ಡಾಯ ಎಲ್ಲರಿಗೂ ಕಳಚಿತು. ಗಳಿಗೆಯೂ ಕೂಡಿಬಂದಿತ್ತು: 1994ರಲ್ಲಿ ಬ್ರೆಜಿಲ್ಲಿನಲ್ಲಿ ಮತ್ತೆ ಹಿಮ ಬಿದ್ದು ಬೆಲೆ ಏರಿತ್ತು. ಮೊದಲ ಸಲ ಕಣದಲ್ಲೇ ವ್ಯಾಪಾರಿ ನೋಟಿನ ಕಟ್ಟು ಎಣಿಸಿಕೊಟ್ಟ. ಗೋಣಿಕೊಪ್ಪ, ಸಿದ್ದಾಪುರದ ಪೇಟೆಗಳಲ್ಲಿ ಹೊಸ ಜೀಪುಗಳು ಕಂಡವು.

ಸಂಭ್ರಮ ಬಹಳ ಕಾಲ ಉಳಿಯಲಿಲ್ಲ. ವಿಯೆಟ್ನಾಂ ರೊಬಸ್ಟಾ ಜಗತ್ತನ್ನು ತುಂಬಿ 2001ರ ಹೊತ್ತಿಗೆ ಬೆಲೆ ಪಾತಾಳಕ್ಕಿಳಿಯಿತು. ಸಾಲದ ಬಡ್ಡಿ ಕಟ್ಟಲಾಗದೆ ತೋಟ ಮಾರಿದವರಿದ್ದರು. ಆಗ ನಮ್ಮ ಸಭೆಗಳಲ್ಲಿ ‘ಪೂಲ್ ಇದ್ದಿದ್ದರೆ ಇಷ್ಟಾಗುತ್ತಿರಲಿಲ್ಲ’ ಎಂಬ ಮಾತು ಕೇಳತೊಡಗಿತು. ಐದು ವರ್ಷ ಹಿಂದೆ ಪೂಲನ್ನು ಶಪಿಸಿದ್ದವರ ಬಾಯಲ್ಲೇ ಕೇಳಿದೆ. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಪೂಲ್ ಬೆಲೆಯನ್ನು ಸರಾಸರಿ ಮಾಡುತ್ತಿತ್ತೇ ಹೊರತು ಇಲ್ಲದ ಬೆಲೆಯನ್ನು ಸೃಷ್ಟಿಸುತ್ತಿರಲಿಲ್ಲ. ಇಡೀ ಜಗತ್ತಿನ ಬೆಲೆ ಬಿದ್ದಾಗ ಪಾಯಿಂಟಿನ ಬೆಲೆಯೂ ಬೀಳುತ್ತಿತ್ತು. ಆದರೆ ಇಳಿಬೆಲೆಯಲ್ಲಿ ಸಣ್ಣವನು ಮೊದಲು, ದೊಡ್ಡವನು ಆಮೇಲೆ ಮುಳುಗುವ ಈಗಿನ ಸ್ಥಿತಿ ಅಲ್ಲಿರಲಿಲ್ಲ ಎಂಬುದು ನಿಜ. ಪೂಲ್ ತೆಗೆಯುವಾಗ ಅದರ ಜಾಗದಲ್ಲಿ ಸಣ್ಣ ಬೆಳೆಗಾರನಿಗೆ ಏನು ಕೊಡಬೇಕೆಂದು ಯಾರೂ ಕೂತು ಯೋಚಿಸಲಿಲ್ಲ. ಅಕ್ಕಿಯ ನಿಯಂತ್ರಣ ತೆಗೆಯುವಾಗ ಸಮಿತಿಗಳಿದ್ದವು, ಹಿನ್ನಡೆಯಿತ್ತು, ಎರಡನೆಯ ಪ್ರಯತ್ನವಿತ್ತು. ಕಾಫಿಯದನ್ನು ಏರುಬೆಲೆಯ ಉತ್ಸಾಹದಲ್ಲಿ ಬಿಚ್ಚಿಬಿಟ್ಟೆವು.

ಈಗ ದೇಶದ ಕಾಫಿಯಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಕೊಡಗಿನದು. ಮಂಡಳಿ ಸಂಶೋಧನೆ, ವಿಸ್ತರಣೆ, ಸಹಾಯಧನ, ಪ್ರಚಾರ ನೋಡಿಕೊಳ್ಳುತ್ತದೆ. 1942ರ ಕಾಯ್ದೆಯನ್ನು ರದ್ದುಮಾಡಿ ಹೊಸದನ್ನು ತರಲು ಕೇಂದ್ರ ಸರ್ಕಾರ 2022ರಲ್ಲಿ ಕರಡು ಸಿದ್ಧಪಡಿಸಿತು. ಕರಡನ್ನು ಓದಿ ಅಭಿಪ್ರಾಯ ಹೇಳುವವರಿಗೆ ಹಳೆಯ ಪೂಲ್ ಹೇಗೆ ನಡೆಯುತ್ತಿತ್ತೆಂದು ತಿಳಿದಿರಬೇಕು, ಅದಕ್ಕೆ ದಾಖಲೆ ಬೇಕು. ಮಂಡಳಿಯ ವರದಿಗಳು ಬೆಂಗಳೂರಿನಲ್ಲಿ ಸಿಗುತ್ತವೆ. ಬೆಳೆಗಾರನ ಕಡೆಯ ಕಾಗದಗಳು, ಅಂದರೆ ಪೂಲ್ ಏಜೆಂಟರ ರಸೀದಿಗಳು, ಔಟ್‌ಟರ್ನ್ ಚೀಟಿಗಳು, ಪಾಯಿಂಟ್ ಪಾವತಿಯ ಪತ್ರಗಳು, ತೋಟದ ನೋಂದಣಿ ಸಂಖ್ಯೆ ಇರುವ ಪುಸ್ತಕಗಳು ಮನೆಗಳ ಅಟ್ಟದಲ್ಲಿ ಗೆದ್ದಲು ಹಿಡಿಯುತ್ತಿವೆ. ಅಂಥವು ಇದ್ದವರು ಸಂಘದ ಕಚೇರಿಗೆ ತಂದರೆ ಪ್ರತಿ ಮಾಡಿಸಿಕೊಂಡು ಮೂಲವನ್ನು ಹಿಂದಿರುಗಿಸುತ್ತೇವೆ. 1940ರ ದಶಕದವು ಸಿಕ್ಕರೆ ವಿಶೇಷ. ಮಲಬಾರಿಗೆ ಅಕ್ಕಿ ಸಾಗಿಸಿದ ಆ ಕಾಲದ ಪರವಾನಗಿ ಯಾರ ಬಳಿಯಾದರೂ ಉಳಿದಿದ್ದರೆ ಅದನ್ನೂ ತನ್ನಿ.